ಗೋಪುರದಿಂದ ಬಿದ್ದ ಸುತ್ತಿಗೆ



ಕಳೆದ ಕೂಟದಲ್ಲಿ ನಾವು ಬೈಬಲ್ ತೆರೆಯುವ ಮೊದಲು ಲ್ಯಾಪ್‌ಟಾಪ್ ತೆರೆದೆವು. ನೋಡಿದ್ದು ಬಿಬಿಸಿಯ 'ಫಾದರ್ ಬ್ರೌನ್' ಧಾರಾವಾಹಿಯ ಮೊದಲ ಕಂತು, 'ದಿ ಹ್ಯಾಮರ್ ಆಫ್ ಗಾಡ್', ಅಂದರೆ 'ದೇವರ ಸುತ್ತಿಗೆ'. 2013ರ ಜನವರಿಯಲ್ಲಿ ಪ್ರಸಾರವಾದದ್ದು. ಇಂಗ್ಲೆಂಡಿನ ಒಂದು ಹಳ್ಳಿ, ಅಲ್ಲೊಂದು ಕೊಲೆ, ಅದನ್ನು ಪತ್ತೆ ಮಾಡುವ ಕಥೋಲಿಕ ಗುರು. "ಗುರುಗಳಿಗೆ ಈ ಪತ್ತೇದಾರಿ ಕೆಲಸ ಯಾಕೆ?" ಎಂದು ಕೂಟದಲ್ಲಿ ಒಬ್ಬಳು ಕೇಳಿದಳು.

ಪ್ರಶ್ನೆ ಚೆನ್ನಾಗಿದೆ. ಈ ಕಥೆಗಳನ್ನು ಬರೆದವರು ಜಿ. ಕೆ. ಚೆಸ್ಟರ್ಟನ್. ಅವರಿಗೆ ಫಾದರ್ ಜಾನ್ ಓಕಾನರ್ ಎಂಬ ಗುರುಗಳ ಗೆಳೆತನವಿತ್ತು. ಲೋಕದ ಕೆಡುಕಿನ ಬಗ್ಗೆ ಆ ಗುರುಗಳಿಗೆ ತನಗಿಂತ ಹೆಚ್ಚು ತಿಳಿದಿದೆ ಎಂದು ಕಂಡು ಚೆಸ್ಟರ್ಟನ್ ಬೆರಗಾದರು. ಅದೇ ಹೊತ್ತಿಗೆ ಇಬ್ಬರು ಕಾಲೇಜು ಹುಡುಗರು, ಪಾಪ, ಗುರುಗಳಿಗೆ ಹೊರಲೋಕವೇ ಗೊತ್ತಿಲ್ಲ ಎಂದು ಮಾತಾಡುವುದು ಕೇಳಿಸಿತಂತೆ. ದಿನವೂ ಪಾಪನಿವೇದನೆ ಕೇಳುವವರಿಗೆ ಮನುಷ್ಯರ ಮನಸ್ಸು ಗೊತ್ತಿರದೆ ಇರುತ್ತದೆಯೇ? ಫಾದರ್ ಬ್ರೌನ್ ಹುಟ್ಟಿದ್ದು ಹೀಗೆ. ಚೆಸ್ಟರ್ಟನ್ ಆಗಿನ್ನೂ ಕಥೋಲಿಕರಲ್ಲ. ನಮ್ಮ ಧರ್ಮಸಭೆಗೆ ಸೇರಿದ್ದು 1922ರಲ್ಲಿ.

ಕಿರುತೆರೆಯವರು ಕಥೆಯನ್ನು 1950ರ ದಶಕಕ್ಕೆ ತಂದು ಸಾಕಷ್ಟು ಬದಲಿಸಿದ್ದಾರೆ. ಪಾಠಕ್ಕೆ ನಾವು 1910ರ ಮೂಲ ಕಥೆಯನ್ನೇ ಹಿಡಿದಿದ್ದೇವೆ. ಅಣ್ಣ ಕರ್ನಲ್ ನಾರ್ಮನ್ ಬೊಹನ್, ಕುಡುಕ, ಪರಸ್ತ್ರೀಯರ ಹಿಂದೆ ಬಿದ್ದವನು. ತಮ್ಮ ವಿಲ್ಫ್ರೆಡ್, ಆಂಗ್ಲಿಕನ್ ಸಭೆಯ ಬೋಧಕ, ಯಾವಾಗಲೂ ಪ್ರಾರ್ಥನೆಯಲ್ಲಿರುವವನು. ಒಂದು ಬೆಳಿಗ್ಗೆ ಚರ್ಚಿನ ಪಕ್ಕದ ಕುಲುಮೆಯ ಬಳಿ ಅಣ್ಣ ತಲೆ ಒಡೆದು ಸತ್ತು ಬಿದ್ದಿದ್ದಾನೆ. ಹತ್ತಿರದಲ್ಲೇ ರಕ್ತ ಮೆತ್ತಿದ ಒಂದು ಸಣ್ಣ ಸುತ್ತಿಗೆ. ಕಮ್ಮಾರನ ಹೆಂಡತಿಯ ಮೇಲೆ ಕರ್ನಲ್ ಕಣ್ಣಿಟ್ಟಿದ್ದ. ಆದರೆ ಕಮ್ಮಾರ ಆ ಹೊತ್ತಿಗೆ ಬೇರೆ ಊರಲ್ಲಿದ್ದ. ಅಂಥ ಪೆಟ್ಟು ಹೆಂಗಸಿನ ಕೈಯಿಂದ ಆಗದು, ಅಂಥ ಬಲವುಳ್ಳವನು ಸಣ್ಣ ಸುತ್ತಿಗೆ ಹಿಡಿಯುವುದಿಲ್ಲ.

ಬಿಎಸ್ಸಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಗೋಪುರ 20 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. ಮೇಲಿಂದ ಕೈಬಿಟ್ಟ ಸುತ್ತಿಗೆ ಎರಡು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಅದಕ್ಕೆ ತೋಳ್ಬಲ ಬೇಕಿಲ್ಲ, ಎತ್ತರ ಸಾಕು. ಕೈಬಿಟ್ಟವನು ವಿಲ್ಫ್ರೆಡ್.

ಫಾದರ್ ಬ್ರೌನ್ ಅವನನ್ನು ಅದೇ ಗೋಪುರಕ್ಕೆ ಕರೆದೊಯ್ದು, ಎತ್ತರದಲ್ಲಿ ನಿಂತು ಪ್ರಾರ್ಥಿಸುವುದು ಅಪಾಯ ಎನ್ನುತ್ತಾರೆ. ರಾಯದುರ್ಗದ ಬೆಟ್ಟ ಹತ್ತಿದವರಿಗೆ, ಮಡಕಶಿರದ ಕೋಟೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿಂದ ನೋಡಿದರೆ ಮನೆಗಳು ಬೆಂಕಿಪೊಟ್ಟಣ, ಮನುಷ್ಯರು ಇರುವೆ. ವಿಲ್ಫ್ರೆಡ್‌ಗೂ ಅಣ್ಣ ಹಾಗೆಯೇ ಕಂಡ. ದೇವರ ಪರವಾಗಿ ಶಿಕ್ಷೆ ಕೊಡಲು ತನಗೆ ಅಧಿಕಾರವಿದೆ ಎನ್ನಿಸಿತು. ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ, ದೇವಾಲಯದಲ್ಲಿ ಪ್ರಾರ್ಥಿಸುತ್ತಲೇ ಸುಂಕದವನನ್ನು ಕೀಳಾಗಿ ಕಂಡ ಫರಿಸಾಯನನ್ನು ನೆನೆಯಿರಿ. ಅವನ ಕೈಯಲ್ಲಿ ಸುತ್ತಿಗೆ ಇರಲಿಲ್ಲ, ಅಷ್ಟೇ.

ಕೂಟದಲ್ಲಿ ಹೆಚ್ಚು ಮಾತಾದದ್ದು ಇನ್ನೊಂದು ಸಂಗತಿಯ ಮೇಲೆ. ಊರಿನಲ್ಲಿ ಬುದ್ಧಿ ಬೆಳೆಯದ ಒಬ್ಬ ಹುಡುಗನಿದ್ದಾನೆ, ಕಮ್ಮಾರನ ಬಂಧು. ವಿಲ್ಫ್ರೆಡ್ ಅನುಮಾನವನ್ನು ಅವನ ಕಡೆ ತಿರುಗಿಸುತ್ತಾನೆ, ಹುಚ್ಚನನ್ನು ಗಲ್ಲಿಗೇರಿಸುವುದಿಲ್ಲ ಎಂಬ ಲೆಕ್ಕದಿಂದ. ಫಾದರ್ ಬ್ರೌನ್ ಇದರಲ್ಲೂ ಅವನ ಮನಸ್ಸು ಪೂರ್ತಿ ಕೆಟ್ಟಿಲ್ಲದ ಗುರುತು ಕಾಣುತ್ತಾರೆ. ನಮಗೆ ಮಾತ್ರ ಅದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ.

ಕಾರಣವಿದೆ. ಹೋದ ಕ್ರಿಸ್ಮಸ್‌ಗೆ ಮನೆ ಮನೆ ಕ್ಯಾರಲ್ ಹಾಡಿ ಕೂಡಿಸಿದ ಹಣದಲ್ಲಿ 500 ರೂಪಾಯಿ ಕಡಿಮೆ ಬಂತು. ಡಬ್ಬ ಹೊತ್ತಿದ್ದವನು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವ ಹುಡುಗ. ನಾವು ಯಾರೂ ಅವನನ್ನು ಬಾಯಿಬಿಟ್ಟು ಕೇಳಲಿಲ್ಲ, ಡಬ್ಬವನ್ನು ಮಾತ್ರ ಮತ್ತೆ ಅವನ ಕೈಗೆ ಕೊಡಲಿಲ್ಲ. ಅವನು ಕೂಟಕ್ಕೆ ಬರುವುದು ಬಿಟ್ಟ. ತಪಸ್ಸುಕಾಲದಲ್ಲಿ ಹಾಡಿನ ಪುಸ್ತಕದೊಳಗೆ ಡೀಸೆಲ್ ಚೀಟಿ ಸಿಕ್ಕಿತು. ಬಾಡಿಗೆ ವ್ಯಾನಿಗೆ ನಮ್ಮಲ್ಲೊಬ್ಬರು ಆ ಹಣದಿಂದಲೇ ಕೊಟ್ಟು ಬರೆಯಲು ಮರೆತಿದ್ದರು. ಮುಂದಿನ ವರ್ಷ ಡಬ್ಬ ಅವನಿಗೇ ಕೊಟ್ಟರಾಯಿತು ಎಂದು ಸುಮ್ಮನಿದ್ದೆವು.

ಕಥೆಯ ಕೊನೆಗೆ ಬರೋಣ. ವಿಲ್ಫ್ರೆಡ್ ಗೋಪುರದಿಂದ ಹಾರಲು ಹೋದಾಗ ಫಾದರ್ ಬ್ರೌನ್ ಕೊರಳಪಟ್ಟಿ ಹಿಡಿದು ನಿಲ್ಲಿಸುತ್ತಾರೆ. ಇಷ್ಟೆಲ್ಲ ಹೇಗೆ ತಿಳಿಯಿತೆಂದು ಅವನು ಕೇಳಿದರೆ, ತಾನೂ ಮನುಷ್ಯನೇ, ಆ ದೆವ್ವಗಳೆಲ್ಲ ತನ್ನೊಳಗೂ ಇವೆ ಎಂಬರ್ಥದ ಉತ್ತರ. ವಿಲ್ಫ್ರೆಡ್ ಕಥೋಲಿಕನಲ್ಲ, ಅಲ್ಲಿ ನಡೆದದ್ದು ಸಂಸ್ಕಾರವೂ ಅಲ್ಲ. ಆದರೂ ಪಾಪನಿವೇದನೆಯ ಗುಟ್ಟಿನಂತೆ ಇದನ್ನು ಕಾಯುತ್ತೇನೆ ಎಂದು ಮಾತು ಕೊಡುತ್ತಾರೆ. ಆ ಗುಟ್ಟನ್ನು ಮುರಿಯಬಾರದೆಂದು 1215ರ ಲ್ಯಾಟೆರನ್ ಮಹಾಸಭೆ ವಿಧಿಸಿತ್ತು. ಇಂದಿನ ಧರ್ಮಸಭೆಯ ಕಾನೂನಿನ 983ನೇ ವಿಧಿಯೂ ಅದನ್ನೇ ಹೇಳುತ್ತದೆ. ಆಮೇಲೆ ಅವನನ್ನು ಅವನ ಪಾಡಿಗೆ ಬಿಡುತ್ತಾರೆ. ವಿಲ್ಫ್ರೆಡ್ ಮೆಟ್ಟಿಲಿಳಿದು ತಾನಾಗಿಯೇ ಪೊಲೀಸ್ ಅಧಿಕಾರಿಯ ಬಳಿ ಹೋಗಿ ತಪ್ಪೊಪ್ಪಿಕೊಳ್ಳುತ್ತಾನೆ.

ಕೂಟ ಮುಗಿದ ಮೇಲೆ ಯಾರೂ ಎದ್ದು ಹೋಗಲಿಲ್ಲ. ಡೀಸೆಲ್ ಚೀಟಿ ಮರೆತವರೇ ಮೊದಲು ಚಪ್ಪಲಿ ಮೆಟ್ಟಿಕೊಂಡರು. ಐದು ಜನ ಅವನ ಮನೆಗೆ ಹೋದೆವು. ಅವನು ಕೆಲಸದಿಂದ ಬಂದಿರಲಿಲ್ಲ. ತಾಯಿ ಚಾಪೆ ಹಾಸಿ ಟೀ ಕೊಟ್ಟರು. ಒಂಬತ್ತು ಗಂಟೆಗೆ ಅವನು ಬರುವ ತನಕ ಅಲ್ಲೇ ಕೂತಿದ್ದೆವು.