ಘಾಟಿಯ ತಿರುವಿನಲ್ಲಿ ಬೈಕು: ಎಷ್ಟು ವಾಲಬಹುದು, ಯಾವಾಗ ವಾಲಬೇಕು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟರೆ ದಿಂಬಂ ಘಾಟಿಯಲ್ಲಿ 27. ಮಳೆಗಾಲ ಹಿಡಿಯಿತೆಂದರೆ ಆಗುಂಬೆ, ಚಾರ್ಮಾಡಿ, ಮುಳ್ಳಯ್ಯನಗಿರಿಯ ರಸ್ತೆಗಳಲ್ಲಿ ಶನಿವಾರ, ಭಾನುವಾರ ಬೈಕುಗಳದೇ ಸಾಲು. ಹೀಗೆ ಹೊರಟವರಲ್ಲಿ ಹೆಚ್ಚಿನವರು ಗಾಡಿ ಕಲಿತದ್ದು ಊರಿನ ನೇರ ರಸ್ತೆಗಳಲ್ಲಿ. ತಿರುವಿನ ಪಾಠವೆಂದು ಸಿಕ್ಕಿದ್ದು ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಹಾಕಿ ತೋರಿಸಿದ '8' ಮಾತ್ರ. ಅದು ನಿಧಾನ ವೇಗದ ಸಮತೋಲವನ್ನು ಪರೀಕ್ಷಿಸುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿಜಾರಿನ ತಿರುವೊಂದು ಎದುರಾದಾಗ ಬೇಕಾಗುವ ವಿದ್ಯೆ ಬೇರೆಯೇ ಇದೆ.

ಮೋಟೋಜಿಪಿ ಸವಾರರು 60 ಡಿಗ್ರಿಗೂ ಮೀರಿ ವಾಲಿ, ಮಂಡಿ, ಮೊಣಕೈ ಎರಡನ್ನೂ ನೆಲಕ್ಕೆ ತಾಗಿಸುವ ಚಿತ್ರಗಳನ್ನು ನೋಡಿದವರಿಗೆ ಹೆಚ್ಚು ವಾಲುವುದೇ ಜಾಣತನ ಅನ್ನಿಸುತ್ತದೆ. ಇನ್ನೊಂದು ಗುಂಪಿಗೆ ವಾಲುವುದೆಂದರೆ ಬೀಳುವುದೆಂದೇ ಭಯ. ಎರಡೂ ಅಪಾಯಕಾರಿ, ಎರಡನೆಯದರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಅಮೆರಿಕದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲಿಸ್ ಸುತ್ತ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ತಯಾರಿಸಿದ ವರದಿ 1981ರಲ್ಲಿ ಹೊರಬಂತು. ಬೇರೆ ವಾಹನದ ಪಾತ್ರವಿಲ್ಲದೆ ನಡೆದ ಅಪಘಾತಗಳಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಸವಾರನ ತಪ್ಪೇ ಕಾರಣವೆಂದು ಅದು ಹೇಳಿತು. ಅತಿಯಾಗಿ ಬ್ರೇಕ್ ಒತ್ತಿ ಜಾರುವುದು, ವೇಗ ಹೆಚ್ಚಾಗಿಯೋ ಸಾಕಷ್ಟು ತಿರುಗಿಸದೆಯೋ ತಿರುವಿನಿಂದ ಹೊರಗೆ ಹೋಗುವುದು ಮುಖ್ಯ ತಪ್ಪುಗಳು. ಬೈಕು ಇನ್ನೂ ವಾಲಬಲ್ಲದಾಗಿದ್ದರೂ ಸವಾರ ಅದನ್ನು ವಾಲಿಸದೆ ಚರಂಡಿಗೋ ಎದುರಿನ ಬಸ್ಸಿಗೋ ಹೋಗಿ ಬೀಳುವುದು ಇಂದಿಗೂ ನಡೆಯುತ್ತಿದೆ.

ಲೆಕ್ಕ ಹೇಳುವುದೇನು?

ಬೈಕು ಎಷ್ಟು ವಾಲಬೇಕೆಂಬುದನ್ನು ನಿರ್ಧರಿಸುವುದು ಎರಡೇ ಸಂಗತಿ: ನಿಮ್ಮ ವೇಗ ಮತ್ತು ತಿರುವಿನ ತ್ರಿಜ್ಯ. ಗಾಡಿಯ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಘಟ್ಟದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿರುವ ಮಾನದಂಡದ ಪ್ರಕಾರ ಹೇರ್‌ಪಿನ್ ತಿರುವಿನ ಒಳ ತ್ರಿಜ್ಯ ಕನಿಷ್ಠ 14 ಮೀಟರ್, ವಿನ್ಯಾಸದ ವೇಗ ಕನಿಷ್ಠ 20 ಕಿ.ಮೀ. ನಿಮ್ಮ ಚಕ್ರ ಸಾಗುವ ಹಾದಿಯ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಸುಮಾರು 12 ಡಿಗ್ರಿ ವಾಲಿದರೆ ಸಾಕು. 30 ಕಿ.ಮೀ.ಗೆ 25 ಡಿಗ್ರಿ ಬೇಕು. 40 ಆದರೆ 40 ಡಿಗ್ರಿ! ಟೈರು ದಪ್ಪಗಿದ್ದಷ್ಟೂ ಇದಕ್ಕೆ ಇನ್ನೊಂದೆರಡು ಡಿಗ್ರಿ ಸೇರಿಸಿಕೊಳ್ಳಬೇಕು.

ಸ್ಪೀಡೋಮೀಟರಿನಲ್ಲಿ ಹತ್ತೇ ಕಿಲೋಮೀಟರ್ ವ್ಯತ್ಯಾಸ, ಆದರೆ ಒಂದು ಕಡೆ ಆರಾಮದ ಸವಾರಿ, ಇನ್ನೊಂದು ಕಡೆ ಬೈಕಿನ ಕೊನೆಯ ಮಿತಿ. ಬೇಕಾಗುವ ಹಿಡಿತ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ.

ಮಿತಿಗಳು ಎರಡು ಬಗೆಯವು. ಮೊದಲನೆಯದು ಲೋಹದ್ದು. ದಿನಬಳಕೆಯ ಬೈಕು ವಾಲುತ್ತ ಹೋದಂತೆ ಮೊದಲು ಫುಟ್‌ರೆಸ್ಟ್ ನೆಲಕ್ಕೆ ಉಜ್ಜುವುದು ವಾಡಿಕೆ. ಅದು ಮಡಚಿಕೊಳ್ಳುವುದರಿಂದ ಅಷ್ಟು ಅಪಾಯವಿಲ್ಲ, ಎಚ್ಚರಿಕೆಯ ಸದ್ದು ಎಂದುಕೊಳ್ಳಬಹುದು. ಅದನ್ನೂ ಮೀರಿದರೆ ಎಡಗಡೆ ಸೆಂಟರ್ ಸ್ಟ್ಯಾಂಡ್, ಸೈಡ್ ಸ್ಟ್ಯಾಂಡ್, ಬಲಗಡೆ ಸೈಲೆನ್ಸರ್ ತಾಗುತ್ತವೆ. ಇವು ಮಡಚುವುದಿಲ್ಲ, ಚಕ್ರವನ್ನೇ ನೆಲದಿಂದ ಎತ್ತಿಬಿಡುತ್ತವೆ. ಅಂಗಡಿಯಲ್ಲಿ ಹಾಕಿಸಿಕೊಂಡ ಅಗಲವಾದ ಕ್ರ್ಯಾಶ್ ಗಾರ್ಡ್ ಕೆಲವು ಬೈಕುಗಳಲ್ಲಿ ಇವೆಲ್ಲಕ್ಕಿಂತ ಮೊದಲೇ ತಾಗುತ್ತದೆ. ಹಿಂದೆ ಸವಾರರಿದ್ದು, ಲಗೇಜೂ ಇದ್ದರೆ ಗಾಡಿ ಕುಸಿದು ಕೂರುವುದರಿಂದ ಈ ಮಿತಿ ಇನ್ನಷ್ಟು ಬೇಗ ಬರುತ್ತದೆ. ಹೊರಡುವ ಮೊದಲು ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಬಿಗಿಮಾಡಿಸಿಕೊಂಡರೆ ಒಳ್ಳೆಯದು.

ಎರಡನೆಯದು ಹಿಡಿತದ ಮಿತಿ, ಇದು ಸದ್ದಿಲ್ಲದೆ ಬರುತ್ತದೆ. ಅದೇ 15 ಮೀಟರ್ ತಿರುವಿನಲ್ಲಿ ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 0.8 ಇದ್ದರೆ ಚಕ್ರ ಜಾರುವ ವೇಗ ಗಂಟೆಗೆ 39 ಕಿ.ಮೀ. ಮಳೆಯಿಂದ ಅದು 0.4ಕ್ಕೆ ಇಳಿದರೆ ಸುಮಾರು 28 ಕಿ.ಮೀ.ಗೇ ಜಾರುತ್ತದೆ. ಅಂಚಿನವರೆಗೆ ಹೋಗದೆ ಒಂದಿಷ್ಟು ಹಿಡಿತವನ್ನು ಕೈಯಲ್ಲಿ ಉಳಿಸಿಕೊಳ್ಳಬೇಕಲ್ಲವೇ? ಹಾಗಾಗಿ ಒದ್ದೆ ಹೇರ್‌ಪಿನ್ನಿಗೆ 20 ಕಿ.ಮೀ. ಸರಿಯಾದ ವೇಗ. ಅದನ್ನು ಅಂಜುಬುರುಕತನ ಎಂದು ಯಾರೂ ತಿಳಿಯಬೇಕಿಲ್ಲ.

ಹಂತ ಒಂದು: ತಿರುವಿಗೆ ಮೊದಲೇ ಕೆಲಸ ಮುಗಿಸಿ

ಬ್ರೇಕ್ ಹಾಕುವುದು, ಗೇರ್ ಇಳಿಸುವುದು, ಎರಡೂ ಬೈಕು ನೆಟ್ಟಗಿರುವಾಗಲೇ ಆಗಬೇಕು. 50 ಕಿ.ಮೀ. ವೇಗದಿಂದ 25ಕ್ಕೆ ಇಳಿಯಲು ಒಣ, ಸಮತಟ್ಟು ರಸ್ತೆಯಲ್ಲಿ ಒಂದು ಮಟ್ಟಿಗೆ ಗಟ್ಟಿಯಾಗಿ ಬ್ರೇಕ್ ಹಾಕಿದರೂ ಸುಮಾರು 14 ಮೀಟರ್ ಬೇಕು. ತಿರುವು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೊಂದು 14 ಮೀಟರ್ ಕಳೆದಿರುತ್ತದೆ. ಇಳಿಜಾರಿನಲ್ಲಿ ಇದಕ್ಕಿಂತಲೂ ಹೆಚ್ಚು.

ಮುಂದಿನ ಬ್ರೇಕಿಗೆ ಹೆದರುವವರು ಬಹಳ. ಇಳಿಜಾರಿನಲ್ಲಿ ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಅದೇ. ಲಿವರನ್ನು ಒಮ್ಮೆಲೇ ಕಚ್ಚಿ ಹಿಡಿಯದೆ ಎರಡು ಬೆರಳಿನಿಂದ ಮೆಲ್ಲಗೆ ಶುರುಮಾಡಿ, ಗಟ್ಟಿಮಾಡುತ್ತ ಹೋಗಿ, ತಿರುಗುವ ಹೊತ್ತಿಗೆ ಮೆಲ್ಲಗೇ ಬಿಡಿ. ಹಿಂದಿನ ಬ್ರೇಕು ಜೊತೆಗಿರಲಿ.

ಪೆಟ್ರೋಲ್ ಉಳಿಯುತ್ತದೆಂದು ಘಾಟಿಯಲ್ಲಿ ನ್ಯೂಟ್ರಲ್ಲಿಗೆ ಹಾಕಿ ಇಳಿಯುವ ಅಭ್ಯಾಸವನ್ನು ಇಂದೇ ಬಿಡಿ. ಎಂಜಿನ್ ತಡೆಯಿಲ್ಲದ ಗಾಡಿಯ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಇರಲಿ.

ಹಂತ ಎರಡು: ಹ್ಯಾಂಡಲನ್ನು ಒತ್ತಿ

ಬಹುತೇಕ ಸವಾರರು ಗೊತ್ತಿಲ್ಲದೆಯೇ ಮಾಡುವ, ಗೊತ್ತಿದ್ದು ಮಾಡಿದರೆ ಜೀವ ಉಳಿಸುವ ಕೆಲಸ ಇದು. ಸುಮಾರು 20 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗೈಯಿಂದ ಎಡ ಹಿಡಿಯನ್ನು ಮುಂದಕ್ಕೆ ಒತ್ತಬೇಕು. ಆಗ ಚಕ್ರ ಕ್ಷಣಮಾತ್ರ ಬಲಕ್ಕೆ ಹೊರಳುತ್ತದೆ, ಬೈಕು ಎಡಕ್ಕೆ ವಾಲುತ್ತದೆ, ವಾಲಿದ ಬೈಕು ಎಡಕ್ಕೆ ತಿರುಗುತ್ತದೆ. ಬಲಕ್ಕೆ ಹೋಗಲು ಬಲ ಹಿಡಿ. ವಿಮಾನ ಕಟ್ಟುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರಲ್ಲಿ ವಿಲ್ಬರ್ ಇದನ್ನು ಗಮನಿಸಿದ್ದರು. ಸೈಕಲ್ ತುಳಿಯುವವರಿಗೆ ತಾವು ಮೊದಲು ಹ್ಯಾಂಡಲನ್ನು ಎದುರು ದಿಕ್ಕಿಗೆ ಹೊರಳಿಸುತ್ತೇವೆಂಬ ಅರಿವೇ ಇರಲಿಲ್ಲ. ತುರ್ತಿನಲ್ಲಿ ಹೀಗೆ ಬೇಕೆಂದೇ ತಿರುಗಿಸುವ ಕೌಶಲ ತಾವು ನೋಡಿದ ಸವಾರರಲ್ಲಿ ಇರಲೇ ಇಲ್ಲವೆಂದು ಹರ್ಟ್ ವರದಿಯೂ ಬರೆದಿದೆ.

ಇದನ್ನು ಘಾಟಿಯಲ್ಲಿ ಕಲಿಯಲು ಹೋಗಬೇಡಿ. ಇನ್ನೂ ಮನೆಗಳೆದ್ದಿರದ ಹೊಸ ಬಡಾವಣೆಯ ಖಾಲಿ ರಸ್ತೆ ಸಾಕು. ಬೆಳಗಿನ ಹೊತ್ತು, ಹೆಲ್ಮೆಟ್, ಗ್ಲೌಸ್ ಹಾಕಿಕೊಂಡು, 30 ಕಿ.ಮೀ. ವೇಗದಲ್ಲಿ ನೇರ ಹೋಗುತ್ತ ಒಂದೊಂದೇ ಹಿಡಿಯನ್ನು ಅಂಗೈಯಿಂದ ಮೃದುವಾಗಿ ಒತ್ತಿ ನೋಡಿ. ಬೈಕು ಎಷ್ಟು ಚುರುಕಾಗಿ ಆ ಕಡೆ ಸರಿಯುತ್ತದೆಂದು ಅಚ್ಚರಿಯಾಗುತ್ತದೆ. ಮೊಣಕೈ ಸಡಿಲವಾಗಿರಲಿ. ತೋಳು ಬಿಗಿದುಕೊಂಡರೆ ಒಂದು ಕೈ ಒತ್ತಿದ್ದನ್ನು ಇನ್ನೊಂದು ಕೈ ತಡೆಯುತ್ತದೆ.

ಹಂತ ಮೂರು: ಕಣ್ಣು ಮುಂದೆ, ತಿರುಗುವುದು ತಡವಾಗಿ

ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೇ ಇಳಿಯುತ್ತೀರಿ. ಗಾಬರಿಯಾದಾಗ ಕಣ್ಣು ತಡೆಗೋಡೆಗೋ ಎದುರಿನ ಲಾರಿಗೋ ಅಂಟಿಕೊಳ್ಳುತ್ತದೆ, ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಗದ್ದವನ್ನೇ ತಿರುಗಿಸಿ ತಿರುವಿನ ಆಚೆಯ ಕೊನೆಯನ್ನು ಹುಡುಕಿ.

ಬ್ರಿಟನ್ನಿನ ಪೊಲೀಸ್ ಸವಾರರ ತರಬೇತಿಯಲ್ಲಿ ಒಂದು ಉಪಾಯ ಕಲಿಸುತ್ತಾರೆ. ಮುಂದೆ ರಸ್ತೆಯ ಎಡ, ಬಲ ಅಂಚುಗಳು ಕೂಡಿದಂತೆ ಕಾಣುವ ಬಿಂದುವನ್ನು ಗಮನಿಸುತ್ತಿರಬೇಕು. ಅದು ನಿಮ್ಮ ಕಡೆಗೆ ಬರುತ್ತಿದ್ದರೆ ವೇಗ ಹೆಚ್ಚಾಯಿತು, ಇಳಿಸಿ. ನಿಮ್ಮಷ್ಟೇ ವೇಗದಲ್ಲಿ ದೂರ ಸರಿಯುತ್ತಿದ್ದರೆ ವೇಗ ಸರಿಯಾಗಿದೆ. ನಿಮಗಿಂತ ಬೇಗ ಓಡತೊಡಗಿದರೆ ತಿರುವು ತೆರೆಯುತ್ತಿದೆ ಎಂದರ್ಥ. ಆ ಬಿಂದುವಿನೊಳಗೆ ನಿಲ್ಲಿಸಲು ಆಗುವಷ್ಟೇ ವೇಗ ನಿಮ್ಮದಾಗಿರಬೇಕು. ನನ್ನ ಪ್ರಕಾರ ಘಾಟಿಯಲ್ಲಿ ನಿಜವಾದ ಮಿತಿ ಇದೇ. ಟೈರು 40 ಡಿಗ್ರಿ ತಡೆಯಬಹುದು, ಆದರೆ ಕಲ್ಲುಬಂಡೆಯ ಆಚೆ ಕೆಟ್ಟು ನಿಂತ ಲಾರಿ ಇದೆಯೋ ಎಂದು ಟೈರಿಗೆ ಗೊತ್ತಾಗುವುದಿಲ್ಲ.

ತಿರುವಿನ ಬಾಯಿಗೆ ಬಂದ ಕೂಡಲೇ ಒಳಕ್ಕೆ ನುಗ್ಗುವುದು ಸಾಮಾನ್ಯ ತಪ್ಪು. ಬೇಗ ಒಳಗೆ ಹೋದವರು ಕೊನೆಯಲ್ಲಿ ಹೊರಕ್ಕೆ ಎಸೆಯಲ್ಪಡುತ್ತಾರೆ. ಸ್ವಲ್ಪ ಕಾಯಿರಿ, ತಿರುವಿನ ಒಳಭಾಗ ಕಾಣತೊಡಗಿದ ಮೇಲೆ ವಾಲಿಸಿ.

ಎಡ ತಿರುವಿನಲ್ಲಿ ಹೊರಗೆ ಸರಿದರೆ ಎದುರಿನಿಂದ ಬರುವವರ ದಾರಿಗೆ ಬೀಳುತ್ತೀರಿ. ಬಲ ತಿರುವಿನ ಅಪಾಯ ಬಹಳ ಜನರ ಗಮನಕ್ಕೇ ಬಂದಿಲ್ಲ. ಅಲ್ಲಿ ನೀವು ರಸ್ತೆಯ ನಡುಗೆರೆಯ ಕಡೆಗೆ ವಾಲಿರುತ್ತೀರಿ. 35 ಡಿಗ್ರಿ ವಾಲಿದಾಗ ತಲೆ ಚಕ್ರಕ್ಕಿಂತ ಮುಕ್ಕಾಲು ಮೀಟರಿಗೂ ಹೆಚ್ಚು ಒಳಗಿರುತ್ತದೆ. ಚಕ್ರ ನಿಮ್ಮ ಬದಿಯಲ್ಲೇ ಇದ್ದರೂ ತಲೆ ಎದುರು ಬಸ್ಸಿನ ಹಾದಿಯಲ್ಲಿರಬಹುದು. ಹೇರ್‌ಪಿನ್ನಿನಲ್ಲಿ ಬಸ್ಸಿಗೆ ಇಡೀ ರಸ್ತೆಯೇ ಬೇಕಾಗುತ್ತದೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ನಿಂತು ದಾರಿ ಬಿಡಬೇಕೆಂಬುದು ನಿಯಮ ಕೂಡ. ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ, ಬಲ ತಿರುವಿನಲ್ಲಿ ನಡುಗೆರೆಯಿಂದ ಧಾರಾಳ ದೂರವಿಟ್ಟು ಹೋಗಿ.

ಹಂತ ನಾಲ್ಕು: ವಾಲಿದ ಮೇಲೆ ಎಕ್ಸಲರೇಟರ್ ಸಮವಾಗಿರಲಿ

ತಿರುವಿನೊಳಗೆ ಎಕ್ಸಲರೇಟರನ್ನು ಅತಿ ಸಣ್ಣದಾಗಿ ತೆರೆದಿಟ್ಟು, ಗಾಡಿ ನೆಟ್ಟಗಾಗುತ್ತ ಬಂದಂತೆ ಹೆಚ್ಚಿಸಿ. ಪಟ್ಟನೆ ಮುಚ್ಚಿದರೆ ಭಾರ ಮುಂದಿನ ಟೈರಿಗೆ ನುಗ್ಗುತ್ತದೆ, ಪಟ್ಟನೆ ತೆರೆದರೆ ಹಿಂದಿನದು ಜಾರುತ್ತದೆ. ಕ್ಲಚ್ ಹಿಡಿದು ತೇಲಿಕೊಂಡು ಹೋಗಬೇಡಿ.

ಎದೆ, ಭುಜ ಸ್ವಲ್ಪ ಒಳಗಡೆಗೆ ಬಾಗಿದ್ದರೆ ಅದೇ ವೇಗಕ್ಕೆ ಬೈಕು ಅಷ್ಟರಮಟ್ಟಿಗೆ ಕಡಿಮೆ ವಾಲುತ್ತದೆ. ರಸ್ತೆಯಲ್ಲಿ ಅಷ್ಟು ಸಾಕು, ಮಂಡಿ ಚಾಚುವ ಅಗತ್ಯವಿಲ್ಲ. ಹಿಂದೆ ಕೂತವರು ಹೆದರಿ ಎದುರು ಬದಿಗೆ ವಾಲುವುದುಂಟು. ಹೊರಡುವಾಗಲೇ ಅವರಿಗೆ ಹೇಳಿಬಿಡಿ: ತಿರುವು ಯಾವ ಕಡೆಗಿದೆಯೋ ಆ ಕಡೆಯ ನನ್ನ ಭುಜದ ಮೇಲಿಂದ ನೋಡಿ, ಅಷ್ಟೇ ಸಾಕು.

ವೇಗ ಹೆಚ್ಚಾಗಿಬಿಟ್ಟರೆ?

ಟೈರಿನ ಹಿಡಿತ ಗೊತ್ತಾದ ಸಂಬಳದ ಹಾಗೆ: ತಿರುಗಲು ಎಷ್ಟು ಖರ್ಚಾಯಿತೋ ಬ್ರೇಕಿಗೆ ಅದಕ್ಕೆ ತಕ್ಕಂತೆ ಕಡಿಮೆ ಉಳಿಯುತ್ತದೆ. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಲೆಕ್ಕ ನೇರ ಕಳೆಯುವ ಲೆಕ್ಕವಲ್ಲ. ಹಿಡಿತದ ಶೇ 70ರಷ್ಟು ತಿರುಗಲು ಬಳಸಿದ್ದರೆ ಬ್ರೇಕಿಗೆ ಇನ್ನೂ ಸುಮಾರು ಶೇ 70ರಷ್ಟು ಸಿಗುತ್ತದೆ. ಶೇ 90 ಬಳಸಿದ್ದರೆ ಶೇ 44ಕ್ಕೆ ಕುಸಿಯುತ್ತದೆ. ಪೂರ್ತಿ ಬಳಸಿದ್ದರೆ ಬ್ರೇಕ್ ಮುಟ್ಟಿದ ಕೂಡಲೇ ನೆಲ.

ಒಣ ರಸ್ತೆಯಲ್ಲಿ ವೇಗ ತುಸು ಹೆಚ್ಚಾಯಿತೆಂದು ಅನ್ನಿಸಿದಾಗ ಮೊದಲ ಉತ್ತರ ಇನ್ನಷ್ಟು ವಾಲಿಸುವುದೇ. ಹೋಗಬೇಕಾದ ಕಡೆ ನೋಡಿ, ಒಳಗಿನ ಹಿಡಿಯನ್ನು ಇನ್ನಷ್ಟು ಒತ್ತಿ. ಮನಸ್ಸು ಬೇಡವೆನ್ನುತ್ತದೆ, ಆದರೆ ಬೈಕಿನಲ್ಲಿ ಇನ್ನೂ ಹತ್ತು ಡಿಗ್ರಿಯಾದರೂ ಬಾಕಿ ಇರುವ ಸಂಭವ ಹೆಚ್ಚು. ಮುಂದೆ ಖಾಲಿ ಜಾಗವಿದ್ದರೆ ಮಾತ್ರ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಗಟ್ಟಿ ಬ್ರೇಕ್ ಹಾಕಿ, ಮತ್ತೆ ವಾಲಿಸಬಹುದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ, ನಿಜ. ಆದರೆ ಸಾಮಾನ್ಯ ಎಬಿಎಸ್ ಚಕ್ರದ ವೇಗವನ್ನಷ್ಟೇ ಅಳೆಯುತ್ತದೆ, ಬೈಕು ಎಷ್ಟು ವಾಲಿದೆ ಎಂಬುದನ್ನಲ್ಲ. ಅದನ್ನೂ ಅಳೆಯುವ ಕಾರ್ನರಿಂಗ್ ಎಬಿಎಸ್ ಇರುವುದು ದುಬಾರಿ ಬೈಕುಗಳಲ್ಲಿ.

ರಸ್ತೆಯನ್ನು ಓದುವುದು

ಮಲೆನಾಡಿನಲ್ಲಿ ಮಳೆ ನಿಂತ ಮೇಲೂ ಮರದ ನೆರಳಿನ ತಿರುವು ಒಣಗಿರುವುದಿಲ್ಲ. ಅಂಚಿನ ಪಾಚಿ, ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಮ್ಮಣ್ಣು ಎಲ್ಲವೂ ಜಾರುತ್ತವೆ. ಟ್ಯಾಂಕ್ ತುಂಬಿದ ಲಾರಿ ಹೇರ್‌ಪಿನ್ನಿನಲ್ಲಿ ವಾಲಿದಾಗ ಡೀಸೆಲ್ ಚೆಲ್ಲುತ್ತದೆ. ಒದ್ದೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದೇ. ಬಿಳಿ ಗೆರೆ, ಸೇತುವೆಯ ಕಬ್ಬಿಣದ ಪಟ್ಟಿ ದಾಟುವಾಗ ಬೈಕನ್ನು ಆದಷ್ಟು ನೆಟ್ಟಗಿಡಿ. ಮೊದಲ ಮಳೆಯ ಮೊದಲ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು: ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಆಗ ಮೇಲೇಳುತ್ತವೆ.

ಬಯಲುಸೀಮೆಯಲ್ಲಿ ಬೇರೆಯೇ ಕಷ್ಟ. ಸುಗ್ಗಿಯ ಕಾಲಕ್ಕೆ ರಾಗಿ, ಹುರುಳಿಯನ್ನು ರಸ್ತೆಗೇ ಹರವಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುವುದು ಇನ್ನೂ ನಿಂತಿಲ್ಲ. ತಿರುವಿನಲ್ಲಿ ಒಣಹುಲ್ಲಿನ ಮೇಲೆ ವಾಲಿದ ಟೈರು ಡಾಂಬರನ್ನು ಮುಟ್ಟುವುದೇ ಇಲ್ಲ. ಮಂಡ್ಯ, ಬೆಳಗಾವಿಯ ಕಡೆ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು, ಎಲ್ಲೆಡೆ ಟಿಪ್ಪರಿನಿಂದ ಚೆಲ್ಲಿದ ಜಲ್ಲಿ. ಇವು ಕಂಡರೆ ಬೈಕನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ದಾಟಿ.

ಟೈರಿನ ಗಾಳಿಯನ್ನು ಹೊರಡುವ ಬೆಳಿಗ್ಗೆ, ಟೈರು ತಣ್ಣಗಿರುವಾಗ ಹತ್ತಿರದ ಬಂಕಿನಲ್ಲೇ ನೋಡಿಸಿ. ಇಬ್ಬರಿದ್ದರೆ ಎಷ್ಟು ಬೇಕೆಂಬುದು ಬೈಕಿನ ಮೇಲಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ನೇರ ರಸ್ತೆಯಲ್ಲೇ ಓಡಿ ನಡುವೆ ಸಪಾಟಾಗಿ ಸವೆದ ಟೈರು ವಾಲಿಸುವಾಗ ಒಮ್ಮೆಲೇ ಮುಗ್ಗರಿಸಿದಂತಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2423 ಎಂದಿದ್ದರೆ ಅದು 2023ರ 24ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರಿನಲ್ಲಿ ಗೀರು ಆಳವಾಗಿಯೇ ಇದ್ದರೂ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಇನ್ನೂ ಹೆಚ್ಚು ವಾಲಿಸಿ ನೋಡುವ ಆಸೆ ಯಾರಿಗಾದರೂ ಇದ್ದರೆ ಅದು ತಪ್ಪಲ್ಲ, ಅದಕ್ಕೆ ಜಾಗ ಬೇರೆ ಇದೆ. ಚೆನ್ನೈ ಸಮೀಪ ಇರುಂಗಾಟ್ಟುಕೋಟೈಯಲ್ಲೂ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೂ ರೇಸಿಂಗ್ ಟ್ರ್ಯಾಕುಗಳಿವೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರು ಬಸ್ಸಿಲ್ಲ, ಜಾರಿ ಬಿದ್ದರೆ ಮುಂದೆ ಪ್ರಪಾತವಿಲ್ಲ. ತರಬೇತಿಯ ದಿನಗಳಂದು ಒಂದೇ ತಿರುವನ್ನು ಮತ್ತೆ ಮತ್ತೆ ಹಾದು, ಪ್ರತಿ ಸಲವೂ ಎಲ್ಲಿ ತಡವಾಯಿತು, ಎಲ್ಲಿ ಕೈ ಬಿಗಿಯಿತು ಎಂದು ಕೇಳಿ ತಿದ್ದಿಕೊಳ್ಳಬಹುದು. ಟ್ರ್ಯಾಕಿಗಾಗಿ ಟೈರಿನ ಗಾಳಿ ಇಳಿಸಿದ್ದರೆ ಊರಿಗೆ ಹೊರಡುವ ಮೊದಲು ಮತ್ತೆ ರಸ್ತೆಯ ಅಳತೆಗೆ ತುಂಬಿಸಿಕೊಳ್ಳಿ.