ವಲಸೆಯ ಮೊಕದ್ದಮೆಯಲ್ಲಿ ಮನಶ್ಶಾಸ್ತ್ರಜ್ಞರ ವರದಿ

ಮೈಮೇಲಿನ ಗಾಯವನ್ನು ನ್ಯಾಯಾಧೀಶರಿಗೆ ತೋರಿಸಬಹುದು. ಮನಸ್ಸಿನ ಗಾಯವನ್ನು ತೋರಿಸುವುದು ಹೇಗೆ? ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಪ್ರಶ್ನೆ ಬಹುದಿನಗಳಿಂದ ಕುತೂಹಲವನ್ನುಂಟುಮಾಡಿದೆ. ನಮ್ಮ ಶಿರ್ವದ ಆಸುಪಾಸಿನಿಂದ ಕೊಲ್ಲಿಯ ನಾಡುಗಳಿಗೆ ಹೋದವರು ಬಹಳ. ಅಮೇರಿಕೆಗೆ ಹೋದವರೂ ಇದ್ದಾರೆ. ವಲಸೆಗಾರರ ಮೊಕದ್ದಮೆಗಳಲ್ಲಿ ಮನಶ್ಶಾಸ್ತ್ರಜ್ಞರ ವರದಿಯನ್ನು ಹಾಜರುಪಡಿಸುವ ಪದ್ಧತಿ ಅಮೇರಿಕೆಯಲ್ಲಿ ಚೆನ್ನಾಗಿ ಬೇರೂರಿರುವುದರಿಂದ, ಅಲ್ಲಿನ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ನಮ್ಮ ಕಡೆಯ ಒಬ್ಬ ತರುಣಿ ಗಂಡನ ಎಚ್-1ಬಿ ವೀಸಾದ ಆಧಾರದಲ್ಲಿ ಎಚ್-4 ವೀಸಾ ಪಡೆದು ಹೋಗಿದ್ದಾಳೆಂದು ಭಾವಿಸೋಣ. ಅವಳು ಅಲ್ಲಿರುವ ಹಕ್ಕೇ ಗಂಡನ ವೀಸಾಕ್ಕೆ ಕಟ್ಟುಬಿದ್ದದ್ದು. ದುಡಿಯಲು ಬೇರೆ ಅನುಮತಿ ಬೇಕು. ಅದು ಎಲ್ಲರಿಗೂ ದೊರೆಯದು. ಗಂಡ ಹೊಡೆದು, ಪಾಸ್‌ಪೋರ್ಟನ್ನು ಅಡಗಿಸಿಟ್ಟರೆ ಅವಳು ಹೋಗುವುದೆಲ್ಲಿಗೆ? 2000ನೆಯ ಇಸವಿಯ ಶಾಸನದಿಂದ ಬಂದ ಯು-ವೀಸಾ ಇಂತಹವರಿಗೂ ಒಂದು ದಾರಿ. ಅಪರಾಧಕ್ಕೆ ಗುರಿಯಾಗಿ ಗಣನೀಯವಾದ ದೈಹಿಕ ಅಥವಾ ಮಾನಸಿಕ ಹಿಂಸೆಯನ್ನು ಅನುಭವಿಸಿ, ತನಿಖೆಗೆ ನೆರವಾದವರು ಅದಕ್ಕೆ ಅರ್ಜಿ ಹಾಕಬಹುದು. ವರ್ಷಕ್ಕೆ ಮುಖ್ಯ ಅರ್ಜಿದಾರರಿಗೆ ಕೊಡುವುದು 10,000 ಮಾತ್ರವಾದುದರಿಂದ ಹಲವು ವರ್ಷ ಕಾಯಬೇಕಾಗುತ್ತದೆ. ಗಂಡ ಅಮೇರಿಕೆಯ ಪ್ರಜೆಯೋ ಖಾಯಂ ನಿವಾಸಿಯೋ ಆಗಿದ್ದರೆ, 1994ರ ಕಾನೂನಿನಂತೆ ಹೆಂಡತಿ ಅವನ ಹಂಗಿಲ್ಲದೆ ತಾನೇ ಅರ್ಜಿ ಸಲ್ಲಿಸಲು ಅವಕಾಶವುಂಟು.

ಕಾನೂನಿನ ‘ಮಾನಸಿಕ’ ಎಂಬ ಆ ಒಂದು ಶಬ್ದವೇ ಮನಶ್ಶಾಸ್ತ್ರಜ್ಞರನ್ನು ಮೊಕದ್ದಮೆಯೊಳಕ್ಕೆ ಕರೆತರುತ್ತದೆ. ಅವರು ಅರ್ಜಿದಾರಳೊಡನೆ ಕೆಲವು ಗಂಟೆಗಳ ಕಾಲ ಮಾತನಾಡುತ್ತಾರೆ, ನಿದ್ರೆ, ಹಸಿವು, ಭಯ, ಮರೆವುಗಳನ್ನು ವಿಚಾರಿಸುತ್ತಾರೆ, ಪ್ರಶ್ನಾವಳಿಗಳನ್ನು ಕೊಡುತ್ತಾರೆ, ನಟನೆಯ ಸಂಭವವನ್ನೂ ತೂಗಿ ನೋಡುತ್ತಾರೆ. ಅವರು ಅವಳ ವಕೀಲರಲ್ಲ, ಚಿಕಿತ್ಸಕರೂ ಅಲ್ಲ. ‘ಇವಳು ಹೇಳುವುದು ನಿಜ’ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಕಂಡುಬಂದ ಲಕ್ಷಣಗಳು ಹೇಳಿದ ಘಟನೆಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನಷ್ಟೇ ಬರೆಯುತ್ತಾರೆ. ಚಿತ್ರಹಿಂಸೆಗೆ ಒಳಗಾದವರ ಪರೀಕ್ಷೆಗಾಗಿ 1999ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಲಾದ ‘ಇಸ್ತಾಂಬುಲ್ ಪ್ರೋಟೋಕಾಲ್’ ಎಂಬ ಕೈಪಿಡಿಯೂ ಇದೇ ಮಾರ್ಗವನ್ನು ಹೇಳುತ್ತದೆ.

ಆಘಾತೋತ್ತರ ಮನೋವ್ಯಾಧಿಗೆ ಅಮೇರಿಕೆಯ ಮನೋವೈದ್ಯರ ಕೈಪಿಡಿಯಲ್ಲಿ ಸ್ಥಾನ ಸಿಕ್ಕಿದ್ದು 1980ರಲ್ಲಿ. ಅದಕ್ಕೆ ತುತ್ತಾದವರ ನೆನಪು ಚೂರುಚೂರಾಗಿ ಬರಬಹುದು. ಪೆಟ್ಟು ನೆನಪಿರುತ್ತದೆ, ದಿನಾಂಕ ನೆನಪಿರುವುದಿಲ್ಲ. ನ್ಯಾಯಾಲಯ ಕೇಳುವುದೋ ದಿನಾಂಕವನ್ನೇ! ರಾಜಕೀಯ ಆಶ್ರಯ ಕೋರುವವರ ಮೊಕದ್ದಮೆಗಳಲ್ಲಂತೂ, 2005ರ ಒಂದು ಕಾನೂನಿನ ಪ್ರಕಾರ, ಮುಖ್ಯವಲ್ಲದ ಸಂಗತಿಯಲ್ಲಿ ಹೇಳಿಕೆ ವ್ಯತ್ಯಾಸವಾದರೂ ನ್ಯಾಯಾಧೀಶರು ಅದನ್ನು ಅವಿಶ್ವಾಸಕ್ಕೆ ಕಾರಣವಾಗಿ ಎಣಿಸಬಹುದು. ಇಂತಹ ವ್ಯತ್ಯಾಸವೆಲ್ಲವೂ ಸುಳ್ಳಲ್ಲವೆಂದು ವಿವರಿಸುವುದೇ ವರದಿಯ ಅತ್ಯಂತ ಬೆಲೆಯುಳ್ಳ ಭಾಗವೆಂದು ನನ್ನ ಅಭಿಪ್ರಾಯ.

ನಮ್ಮವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಾವು ಕಾಲವನ್ನು ನೆನಪಿಡುವುದು ‘ಆಟಿಯಲ್ಲಿ’, ‘ಮೊಂತಿ ಹಬ್ಬದ ಮರುದಿನ’, ‘ಅಷ್ಟಮಿಗೆ ಮುಂಚೆ’ ಎಂದು. ಮೊಂತಿ ಹಬ್ಬವೇನೋ ಸೆಪ್ಟೆಂಬರ್ 8ಕ್ಕೆ ನಿಂತಿದೆ. ಅಷ್ಟಮಿ ಹಾಗಲ್ಲ. ಉಡುಪಿಯಲ್ಲಿ ಸೌರಮಾನದ ಎಣಿಕೆಯಾದುದರಿಂದ, 2025ರಲ್ಲಿ ದೇಶದ ಬಹುಭಾಗದಲ್ಲಿ ಆಗಸ್ಟ್ 16ಕ್ಕೆ ಆದ ಅಷ್ಟಮಿ ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಆಯಿತು. ಅರ್ಜಿದಾರಳು ‘ಅಷ್ಟಮಿಯ ದಿನ ಹೊಡೆದ’ ಎಂದರೆ, ಕ್ಯಾಲೆಂಡರ್ ತೆಗೆದು ನೋಡುವ ಅಧಿಕಾರಿಗೆ ಒಂದು ತಿಂಗಳ ಅಂತರ ಕಾಣಿಸುತ್ತದೆ.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ. ಪರದೇಶದ ಕಚೇರಿಯಲ್ಲಿ ‘ಇಂಡಿಯಾದವಳು’ ಎಂದು ಹಿಂದಿ ದುಭಾಷಿಯನ್ನು ಕೂರಿಸಿದರೆ ಅವಳು ಏನು ಹೇಳಿಯಾಳು? ಚಿಂತೆಗೆ ನಾವು ‘ತಲೆಬಿಸಿ’ ಎನ್ನುತ್ತೇವೆ, ತುಳುವಿನಲ್ಲಿ ‘ಮಂಡೆಬೆಚ್ಚ’. ಶಬ್ದಕ್ಕೆ ಶಬ್ದ ಇಟ್ಟು ಅನುವಾದಿಸಿದರೆ ಅದು ಜ್ವರವಾಗಿಬಿಡುತ್ತದೆ. ‘ಎದೆ ಧಸಕ್ಕೆಂದಿತು’ ಎಂಬುದು ಹೃದ್ರೋಗವಾಗುತ್ತದೆ. ಮನಸ್ಸಿನ ವ್ಯಥೆಯನ್ನು ದೇಹದ ಮಾತಿನಲ್ಲಿ ಹೇಳುವುದು ನಮ್ಮ ರೂಢಿ. ಹುಚ್ಚಿನ ಹೆಸರು ಅಂಟಿದರೆ ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯೂ ಅದರ ಹಿಂದಿದೆ. 2013ರ ಅಮೇರಿಕನ್ ಕೈಪಿಡಿಯಲ್ಲಿ ಈ ಕಾರಣಕ್ಕೆ 16 ಪ್ರಶ್ನೆಗಳ ಒಂದು ಸಂದರ್ಶನವನ್ನು ಸೇರಿಸಿದ್ದಾರೆ. ನಿಮ್ಮ ತೊಂದರೆಯನ್ನು ನಿಮ್ಮ ಮನೆಯವರಿಗೆ ಯಾವ ಮಾತಿನಲ್ಲಿ ಹೇಳುವಿರಿ ಎಂಬುದು ಅದರ ಆರಂಭದಲ್ಲೇ ಬರುತ್ತದೆ. ಬಲ್ಲ ಪರೀಕ್ಷಕರು ‘ತಲೆಬಿಸಿ’ಯನ್ನು ಹಾಗೆಯೇ ಬರೆದುಕೊಂಡು, ಅದರ ಅರ್ಥವನ್ನು ಬಿಡಿಸಿ ವರದಿಯಲ್ಲಿ ಸೇರಿಸುತ್ತಾರೆ.

ಊರಿನಲ್ಲಿರುವವರಿಗೂ ಇದರಲ್ಲಿ ಪಾಲಿದೆ. ಅಪ್ಪ ಅಮ್ಮ ಬರೆದ ಪತ್ರಗಳನ್ನೂ ಪರೀಕ್ಷಕರು ಆಧಾರವಾಗಿ ಓದುತ್ತಾರೆ. ಪತ್ರ ಕನ್ನಡದಲ್ಲಿದ್ದರೆ ಅಡ್ಡಿಯಿಲ್ಲ. ಪೂರ್ಣ ಇಂಗ್ಲಿಷ್ ಅನುವಾದವೂ, ತಾನು ಎರಡೂ ಭಾಷೆಗಳನ್ನು ಬಲ್ಲೆನೆಂಬ ಅನುವಾದಕರ ದೃಢೀಕರಣವೂ ಜೊತೆಗಿರಬೇಕು. ‘ನನ್ನ ಮಗಳು ಬಹಳ ಒಳ್ಳೆಯವಳು’ ಎಂಬ ಪ್ರಶಂಸಾಪತ್ರದಿಂದ ಹೆಚ್ಚು ಪ್ರಯೋಜನವಿಲ್ಲ. ಯಾವ ದಿನ ಫೋನ್ ಬಂತು, ಅವಳ ಸ್ವರ ಹೇಗಿತ್ತು, ಹಿಂದಿನಿಂದ ಯಾರ ಕೂಗು ಕೇಳಿಸಿತು, ಆ ಮೇಲೆ ಎಷ್ಟು ವಾರ ಕರೆಯೇ ಬರಲಿಲ್ಲ, ಇಷ್ಟನ್ನು ಕಂಡಂತೆ ಕೇಳಿದಂತೆ ಬರೆದರೆ ಸಾಕು. ಹಬ್ಬದ ಹೆಸರಿನೊಡನೆ ಇಂಗ್ಲಿಷ್ ತಾರೀಕನ್ನೂ ಹಾಕಬೇಕು.