ಜ್ವರ ಬಂದ ದಿನ ಯಾವ ಲೆಕ್ಕಕ್ಕೆ?

ನೀಲಗಿರಿಯ ತೋಟ, ಅಂಗಡಿಗಳಲ್ಲಿ ದುಡಿಯುವವರು ತಮ್ಮ ಸಂಬಳದ ರಜೆಯನ್ನು ತಾವೇ ಎಣಿಸಿಕೊಳ್ಳುವ ಬಗೆ

ಗೂಡಲೂರು ಕಡೆಯ ಒಂದು ಚಹಾ ತೋಟದ ಲೈನ್ ಮನೆಯಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ನೋಡಿದ್ದೆ. ಕೆಲಸಕ್ಕೆ ಹೋದ ದಿನಕ್ಕೆ ಒಂದು ಗೀಟು, ಹೋಗದ ದಿನಕ್ಕೆ ಸೊನ್ನೆ, ಜ್ವರದಲ್ಲಿ ಮಲಗಿದ ದಿನಕ್ಕೆ ಕುಂಕುಮದ ಚುಕ್ಕೆ. ಆ ಮನೆಯ ಅಕ್ಕನಿಗೆ ಓದುಬರಹ ಅಷ್ಟಕ್ಕಷ್ಟೆ. ವರ್ಷದ ಕೊನೆಗೆ ತೋಟದ ರೈಟರು, "ನಿನಗೆ ರಜೆ ಏನೂ ಉಳಿದಿಲ್ಲಮ್ಮಾ, ಜುಲೈಯಲ್ಲಿ ಮಲಗಿದ್ದೆಯಲ್ಲ, ಅದರಲ್ಲೇ ಕಳೆದುಹೋಯಿತು" ಎಂದಾಗ, ಅವರು ವಾದಕ್ಕೆ ಹೋಗಲಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಕಳಚಿ, ಸುರುಳಿ ಸುತ್ತಿ, ಕಚೇರಿಯ ಮೇಜಿನ ಮೇಲೆ ಬಿಚ್ಚಿಟ್ಟರು.

ರೈಟರು ಸುಳ್ಳು ಹೇಳಿದ್ದರು ಅಂತಲ್ಲ. ಎರಡು ಬೇರೆ ಖಾತೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದರು. ದುಡಿದು ಸಂಪಾದಿಸಿದ ರಜೆ ಒಂದು. ಕಾಯಿಲೆ ಬಿದ್ದಾಗ ಸಿಗುವ ಸೌಲಭ್ಯ ಇನ್ನೊಂದು. ಉದಕಮಂಡಲದ ಬಟ್ಟೆ ಅಂಗಡಿಯಿಂದ ಹಿಡಿದು ಪಂದಲೂರಿನ ತೋಟದವರೆಗೆ ರಜೆಯ ತಕರಾರು ಹುಟ್ಟುವುದು ಬಹುಮಟ್ಟಿಗೆ ಈ ಗಂಟಿನಲ್ಲೇ. ಅದನ್ನು ಬಿಚ್ಚುವುದು ಹೇಗೆ ಎಂದು ನೋಡೋಣ.

ಮೊದಲು: ನೀವು ಯಾವ ಕಾನೂನಿನ ಕೆಳಗೆ?

ಐದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಚಹಾ, ಕಾಫಿ ತೋಟದ ಕೆಲಸಗಾರರಿಗೆ ಇಷ್ಟು ವರ್ಷ 1951ರ ತೋಟ ಕಾರ್ಮಿಕರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತೋಟದವರ ಗಳಿಕೆ ರಜೆ ಈಗ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ 32ನೇ ಕಲಮಿಗೆ ಬರುತ್ತದೆ.

ಅಂಗಡಿ, ಮಳಿಗೆ, ಖಾಸಗಿ ಕಚೇರಿಗಳಲ್ಲಿ ಇರುವವರಿಗೆ ತಮಿಳುನಾಡಿನದೇ ಕಾನೂನು: 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಹೋಟೆಲು, ಲಾಡ್ಜುಗಳವರಿಗೆ ಅದೂ ಅಲ್ಲ, 1958ರ ಉಪಾಹಾರ ಗೃಹಗಳ ಕಾಯ್ದೆ ಬೇರೆಯೇ ಇದೆ. ಮಸಿನಗುಡಿ, ಬೊಕ್ಕಾಪುರದ ರೆಸಾರ್ಟ್ ಹುಡುಗರು ಅಂಗಡಿ ಕಾಯ್ದೆ ಹಿಡಿದುಕೊಂಡು ಹೋದರೆ ಬಾಗಿಲಲ್ಲೇ ವಾಪಸ್ ಬರಬೇಕಾದೀತು. ಸ್ವಂತ ಜೀಪ್ ಓಡಿಸುವವರಿಗೆ ಇದ್ಯಾವುದೂ ಇಲ್ಲ. ಗಾಡಿ ನಿಂತರೆ ಅದೇ ರಜೆ, ಅದೇ ನಷ್ಟ. ಹಟ್ಟಿಗಳಲ್ಲಿ ಎರಡು ಮೂರು ಎಕರೆ ಚಹಾ ಇಟ್ಟುಕೊಂಡ ಬಡಗ ರೈತರ ತೋಟಕ್ಕೆ ಸೊಪ್ಪು ಕೀಳಲು ಹೋಗುವವರೂ ಈ ಐದು ಹೆಕ್ಟೇರಿನ ಗೆರೆಯ ಆಚೆಗೇ ಉಳಿಯುತ್ತಾರೆ. ಜಿಲ್ಲೆಯಲ್ಲಿ ಅಂಥ ಸಣ್ಣ ತೋಟಗಳೇ ಎಲ್ಲೆಲ್ಲೂ ಇರುವಾಗ ಇದು ಸಣ್ಣ ಕೊರತೆಯಲ್ಲ.

ತೋಟದವರ ಲೆಕ್ಕ: ಇಪ್ಪತ್ತಕ್ಕೆ ಒಂದು

ಸೂತ್ರ ಸುಲಭ. ವರ್ಷದಲ್ಲಿ, ಅಂದರೆ ಜನವರಿಯಿಂದ ಡಿಸೆಂಬರ್, 180 ದಿನ ಮುಟ್ಟಿರಬೇಕು. ಮುಟ್ಟಿದ್ದರೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. ಹದಿಹರೆಯದ ಕೆಲಸಗಾರರಿಗೆ 15ಕ್ಕೆ ಒಂದು.

ಒಂದು ವರ್ಷದ ಹಾಜರಿ ಹೀಗಿದೆ ಅಂದುಕೊಳ್ಳಿ. ಜನವರಿ 22, ಫೆಬ್ರವರಿ 21, ಮಾರ್ಚ್ 24, ಏಪ್ರಿಲ್ 24, ಮೇ 25, ಜೂನ್ 23. ಜುಲೈಯಲ್ಲಿ ಮಳೆಯೂ ಜ್ವರವೂ ಸೇರಿ 17ಕ್ಕೆ ಇಳಿಯಿತು. ಆಗಸ್ಟ್ 20, ಸೆಪ್ಟೆಂಬರ್ 23, ಅಕ್ಟೋಬರ್ 22, ನವೆಂಬರ್ 20, ಡಿಸೆಂಬರ್ 23. ಕೂಡಿಸಿದರೆ 264. ಇಪ್ಪತ್ತರಿಂದ ಭಾಗಿಸಿ: 13 ದಿನ ರಜೆ, ನಾಲ್ಕು ದಿನ ಶೇಷ. ಹಿಂದಿನ ವರ್ಷದ್ದು 9 ದಿನ ಉಳಿದಿತ್ತು, ಅದರಲ್ಲಿ ತಂಗಿಯ ಮದುವೆಗೆ 6 ದಿನ ತೆಗೆದುಕೊಂಡಿದ್ದಾಯಿತು. ಹಾಗಾದರೆ 9ರಲ್ಲಿ 6 ಕಳೆದು 3, ಅದಕ್ಕೆ 13 ಕೂಡಿಸಿ 16. ರೈಟರ ಪುಸ್ತಕದಲ್ಲಿ ಇಷ್ಟು ಇಲ್ಲದಿದ್ದರೆ ಏಕೆ ಎಂದು ಕೇಳುವ ಹಕ್ಕು ನಿಮ್ಮದು.

ಇಲ್ಲಿ ಎಡವುವುದು 180 ದಿನ ಎಣಿಸುವಾಗ. ಆ ಎಣಿಕೆಗೆ ದುಡಿದ ದಿನಗಳ ಜೊತೆ ಇನ್ನು ಮೂರು ಬಗೆಯ ದಿನ ಸೇರುತ್ತವೆ: ಕೆಲಸವಿಲ್ಲವೆಂದು ಮಾಲೀಕರೇ ಲೇ-ಆಫ್ ಕೊಟ್ಟ ದಿನ, ಹೆರಿಗೆ ರಜೆ, ತೆಗೆದುಕೊಂಡ ವಾರ್ಷಿಕ ರಜೆ (ಅಂದರೆ ಗಳಿಕೆ ರಜೆಯೇ). ಸೇರುವುದು 180ರ ಹೊಸ್ತಿಲು ದಾಟಿಸಲು ಮಾತ್ರ. ಆ ದಿನಗಳ ಮೇಲೆ ಹೊಸ ರಜೆ ಹುಟ್ಟುವುದಿಲ್ಲ.

ಹೆರಿಗೆಯ ವರ್ಷ ಇದರ ಬೆಲೆ ಗೊತ್ತಾಗುತ್ತದೆ. ಹೆರಿಗೆ ರಜೆ 26 ವಾರದವರೆಗೆ, ಪೂರ್ತಿ ತೆಗೆದುಕೊಂಡರೆ 182 ದಿನ. ಉಳಿದ ತಿಂಗಳಲ್ಲಿ 140 ದಿನ ಸೊಪ್ಪು ಕಿತ್ತಿದ್ದರೆ, "180 ಆಗಲಿಲ್ಲ, ರಜೆ ಇಲ್ಲ" ಎನ್ನುವಂತಿಲ್ಲ. ಎರಡೂ ಕೂಡಿದರೆ 322, ಹೊಸ್ತಿಲು ಎಂದೋ ದಾಟಿತು. ರಜೆ ಮಾತ್ರ 140ರ ಮೇಲೆ: ಏಳು ದಿನ.

ಆದರೆ ಆ ಮೂರರ ಪಟ್ಟಿಯಲ್ಲಿ ಕಾಯಿಲೆಯ ಹೆಸರಿಲ್ಲ. 172 ದಿನ ದುಡಿದು 20 ದಿನ ಟೈಫಾಯ್ಡಿನಲ್ಲಿ ಮಲಗಿದವರು ಎಂಟು ದಿನದಿಂದ ಹೊರಗೆ ಬೀಳುತ್ತಾರೆ. ಹಿಂದಿನ ವರ್ಷದ ರಜೆ ಉಳಿದಿದ್ದರೆ ಇಲ್ಲೊಂದು ದಾರಿ ಇದೆ. ಕಾಯಿಲೆಯ ದಿನಗಳಲ್ಲಿ ಎಂಟನ್ನು ವಾರ್ಷಿಕ ರಜೆಯೆಂದೇ ಬರೆಸಿಕೊಳ್ಳಿ. ಆ ಎಂಟು ಎಣಿಕೆಗೆ ಬರುತ್ತವೆ, 180 ತುಂಬುತ್ತದೆ, 172ರ ಮೇಲೆ ಎಂಟು ದಿನ ರಜೆ ಮತ್ತೆ ಕೈಗೆ ಬರುತ್ತದೆ. ಎರಡು ಖಾತೆ ಬೆರೆಸಬಾರದು ಎಂದು ಈಗಷ್ಟೇ ಹೇಳಿದವನು ನಾನೇ. ಬೆರೆಸುವುದಿದ್ದರೆ ಲೆಕ್ಕ ನೋಡಿ ನೀವು ಬೆರೆಸಬೇಕು, ನಿಮಗೆ ತಿಳಿಯದಂತೆ ಬೇರೆಯವರಲ್ಲ. ನವೆಂಬರ್ ಮೊದಲ ವಾರ ಒಮ್ಮೆ ಹಾಜರಿ ಕೂಡಿಸಿ ನೋಡಿದರೆ ಇದಕ್ಕೆಲ್ಲ ಸಮಯ ಸಿಗುತ್ತದೆ.

ವರ್ಷದ ನಡುವೆ ಸೇರಿದವರಿಗೆ 180ರ ಶರತ್ತಿಲ್ಲ. ಸೇರಿದ ದಿನದಿಂದ ಡಿಸೆಂಬರ್ 31ರವರೆಗೆ ಎಷ್ಟು ದಿನ ಉಳಿದಿದೆಯೋ ಅದರ ಕಾಲು ಭಾಗ ದುಡಿದರೆ ಸಾಕು. ಜುಲೈ 1ಕ್ಕೆ ಸೇರಿದರೆ ಉಳಿದದ್ದು 184 ದಿನ, ಕಾಲು ಅಂದರೆ 46. ಅಷ್ಟರಲ್ಲಿ 120 ದಿನ ದುಡಿದವರಿಗೆ ಆರು ದಿನ ರಜೆ.

ರಜೆಯ ಮಧ್ಯೆ ಬರುವ ಭಾನುವಾರ, ಹಬ್ಬದ ರಜೆಗಳನ್ನು ನಿಮ್ಮ ಖಾತೆಯಿಂದ ಕಳೆಯುವಂತಿಲ್ಲ. ಗುರುವಾರದಿಂದ ಮಂಗಳವಾರದವರೆಗೆ ಊರಿಗೆ ಹೋದರೆ ಲೆಕ್ಕಕ್ಕೆ ಐದೇ ದಿನ. ಹಬ್ಬದ ರಜೆಗೆ ತಮಿಳುನಾಡಿನಲ್ಲಿ 1958ರ ಪ್ರತ್ಯೇಕ ಕಾನೂನಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಇವುಗಳ ಜೊತೆ ಇನ್ನೈದು ಹಬ್ಬ, ಒಟ್ಟು ಒಂಬತ್ತು ದಿನ, ಸಂಬಳ ಸಹಿತ. ಹೆತ್ತೆ ಹಬ್ಬವೋ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಯೋ ಆ ಐದರಲ್ಲಿ ಇದೆಯೇ ಎಂದು ವರ್ಷದ ಮೊದಲೇ ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಆ ದಿನ ಸ್ವಂತ ರಜೆಯಿಂದಲೇ ಹೋಗುತ್ತದೆ.

ಉಳಿದ ರಜೆ ಮುಂದಿನ ವರ್ಷಕ್ಕೆ 30 ದಿನದವರೆಗೆ ಸಾಗುತ್ತದೆ. ಮೂವತ್ತು ಮೀರಿದ್ದನ್ನು ಹಣವಾಗಿ ಪಡೆಯಬಹುದು. ವರ್ಷದ ಕೊನೆಯಲ್ಲಿ ಕೇಳಿದರೆ ಉಳಿದ ರಜೆಯನ್ನೂ ನಗದು ಮಾಡಿಸಿಕೊಳ್ಳಬಹುದು. ನೀವು ಅರ್ಜಿ ಕೊಟ್ಟು ಅವರು ನಿರಾಕರಿಸಿದ ರಜೆಗೆ 30ರ ಮಿತಿಯೇ ಇಲ್ಲ. "ಈಗ ಸೊಪ್ಪು ಜಾಸ್ತಿ, ಆಮೇಲೆ ಹೋಗು" ಎಂಬ ಬಾಯಿಮಾತನ್ನು ಕಾಗದದ ಮೇಲೆ ತರಿಸಿಕೊಳ್ಳಬೇಕಾದ್ದು ಇದಕ್ಕೇ. ಕೆಲಸ ಬಿಟ್ಟವರಿಗೆ ಉಳಿದ ರಜೆಯ ಹಣ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಸಿಗಬೇಕು. ನಿವೃತ್ತರಾದವರಿಗೆ, ತೀರಿಕೊಂಡವರ ಮನೆಯವರಿಗೆ ಎರಡು ತಿಂಗಳೊಳಗೆ.

ರಜೆಯ ದಿನಕ್ಕೆ ಎಷ್ಟು ರೂಪಾಯಿ?

ಬರೀ ದಿನಗೂಲಿಯಾದರೆ ರಜೆಗೆ ಮುಂಚಿನ ದಿನಗೂಲಿಯೇ ರಜೆಯ ದರ. ಕಿಲೋ ಲೆಕ್ಕದ ಹೆಚ್ಚುವರಿಯೂ ಸೇರಿದ ಸಂಬಳವಾದರೆ, 1951ರ ಕಾಯ್ದೆಯ 31ನೇ ಕಲಂ ಹಿಂದಿನ ಹನ್ನೆರಡು ತಿಂಗಳ ಸರಾಸರಿ ಹಿಡಿಯಬೇಕೆಂದು ಹೇಳಿತ್ತು. ಓವರ್‌ಟೈಮ್, ಬೋನಸ್ ಬಿಟ್ಟು, ತುಟ್ಟಿಭತ್ಯೆ ಸೇರಿಸಿ. ನ್ಯಾಯವಾದ ಲೆಕ್ಕ ಅದು, ಅದನ್ನೇ ಹಿಡಿದು ಕೇಳಿ. ಉದಾಹರಣೆಗೆ ಮೂಲ ದಿನಗೂಲಿ 450 ರೂಪಾಯಿ ಎಂದಿಟ್ಟುಕೊಳ್ಳೋಣ. 264 ದಿನದಲ್ಲಿ ಹೆಚ್ಚುವರಿ ತೂಕದ ಹಣವೂ ಸೇರಿ ಬಂದದ್ದು 1,24,080 ರೂಪಾಯಿ. ಭಾಗಿಸಿದರೆ ದಿನಕ್ಕೆ 470. ಆರು ದಿನದ ರಜೆಗೆ 2,820 ರೂಪಾಯಿ ಬರಬೇಕು. 450ರ ಲೆಕ್ಕದಲ್ಲಿ ಕೊಟ್ಟರೆ 2,700. ವ್ಯತ್ಯಾಸ 120 ರೂಪಾಯಿ. ಒಬ್ಬರಿಗೆ ಸಣ್ಣದು, ಒಂದು ತೋಟದ ಇನ್ನೂರು ಜನಕ್ಕೆ ಗುಣಿಸಿ ನೋಡಿ.

ಅಂಗಡಿಯವರಿಗೆ: ಹನ್ನೆರಡು, ಹನ್ನೆರಡು, ಹನ್ನೆರಡು

ಈ ಕಾನೂನು ಬಹಳ ಜನಕ್ಕೆ ತಿಳಿಯದು, ತಿಳಿದ ಮಾಲೀಕರು ಹೇಳುವುದಿಲ್ಲ. 1947ರ ಕಾಯ್ದೆಯ 25ನೇ ಕಲಂ ಮೂರು ರಜೆ ಕೊಡುತ್ತದೆ. ಒಂದು ವರ್ಷ ಸತತ ಸೇವೆ ಮುಗಿಸಿದ ಮೇಲೆ ಮುಂದಿನ ವರ್ಷ 12 ದಿನ ಗಳಿಕೆ ರಜೆ. ಇದನ್ನು 24ರವರೆಗೆ ಕೂಡಿಡಬಹುದು. ಕಾಯಿಲೆಗೆ ಅಥವಾ ಅಪಘಾತಕ್ಕೆ 12 ದಿನದವರೆಗೆ. ಸರಿಯಾದ ಕಾರಣವಿರುವ ಬೇರೆ ಯಾವುದೇ ಕೆಲಸಕ್ಕೆ ಸಾಂದರ್ಭಿಕ ರಜೆ, ಮತ್ತೆ 12 ದಿನದವರೆಗೆ. ಮೂರಕ್ಕೂ ಸಂಬಳವಿದೆ.

ಗಮನಿಸಬೇಕಾದ ಮಾತು: ಕಾಯಿಲೆ ರಜೆಗೂ ಸಾಂದರ್ಭಿಕ ರಜೆಗೂ ವರ್ಷ ಕಾಯಬೇಕಿಲ್ಲ. ಸೇವೆಯ ಮೊದಲ ಹನ್ನೆರಡು ತಿಂಗಳಲ್ಲೇ ಅವು ಸಿಗುತ್ತವೆ. "ಹೊಸಬ ನೀನು, ವರ್ಷ ಆಗಲಿ" ಎನ್ನುವುದು ಗಳಿಕೆ ರಜೆಗೆ ಮಾತ್ರ ಸಲ್ಲುವ ಉತ್ತರ. ಕೂಡಿಡುವ ಸೌಲಭ್ಯವೂ ಹಾಗೆಯೇ, ಗಳಿಕೆ ರಜೆಗಷ್ಟೇ.

ತಿಂಗಳ ಸಂಬಳದವರಿಗೆ ಕಡಿತವಿಲ್ಲದೆ ಪೂರ್ತಿ ಬಂದರೆ ಲೆಕ್ಕ ಮುಗಿಯಿತು. ದಿನಗೂಲಿ, ಕಮಿಷನ್ ಮೇಲೆ ಇರುವವರು ಹಿಂದಿನ ಮೂರು ತಿಂಗಳ ಗಳಿಕೆಯನ್ನು, ಓವರ್‌ಟೈಮ್ ಬಿಟ್ಟು, ನಿಜವಾಗಿ ದುಡಿದ ದಿನಗಳಿಂದ ಭಾಗಿಸಬೇಕು. ಮೂರು ತಿಂಗಳಲ್ಲಿ 75 ದಿನ ದುಡಿದು 36,000 ಬಂದಿದ್ದರೆ ದಿನಕ್ಕೆ 480. ಐದು ದಿನ ಫ್ಲೂ ಬಂದರೆ 2,400 ರೂಪಾಯಿ. 90ರಿಂದ ಭಾಗಿಸಿ ದಿನಕ್ಕೆ 400 ಎಂದರೆ ಒಪ್ಪಬೇಡಿ.

ಕಾಯಿಲೆ ಬಿದ್ದಾಗ

ಸಂಬಳ ಚೀಟಿಯಲ್ಲಿ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ಇದ್ದರೆ ಸರಾಸರಿ ದಿನಗೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನವಾದರೂ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ ಕೈಹಿಡಿಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ. ದಿನದ ಸರಾಸರಿ 500 ಇರುವವರು ಹತ್ತು ದಿನ ಮಲಗಿದರೆ ಎಂಟು ದಿನಕ್ಕೆ 350ರಂತೆ 2,800. ಒಂದೇ ದಿನಕ್ಕೆ ಮಾಲೀಕರ ಸಂಬಳದ ರಜೆಯನ್ನೂ ಇ.ಎಸ್.ಐ. ಹಣವನ್ನೂ ಎರಡೂ ಪಡೆಯುವಂತಿಲ್ಲ. ಆ ಮೊದಲ ಎರಡು ದಿನಕ್ಕೆ ಸಂಬಳದ ರಜೆ ಬರೆದುಕೊಡುವುದು ಜಾಣತನ.

ಇ.ಎಸ್.ಐ. ಇಲ್ಲದ ತೋಟಗಳಲ್ಲಿ 1951ರ ಕಾಯ್ದೆಯ 32ನೇ ಕಲಂ ವೈದ್ಯರ ಚೀಟಿಯ ಮೇಲೆ ಕಾಯಿಲೆ ಭತ್ಯೆ ಕೊಟ್ಟಿತ್ತು. ದರ ಮತ್ತು ದಿನಗಳನ್ನು ರಾಜ್ಯದ ನಿಯಮಕ್ಕೆ ಬಿಟ್ಟಿತ್ತು. ನಿಮ್ಮ ತೋಟದ ಈಗಿನ ಒಪ್ಪಂದದ ಪ್ರತಿಯನ್ನು ಸಂಘದವರಿಂದ ಕೇಳಿ ಪಡೆಯಿರಿ. ಅದರಲ್ಲಿ ಮುಖ್ಯವಾಗಿ ಓದಬೇಕಾದ್ದು ಕಾಯಿಲೆ ಭತ್ಯೆಯ ಪುಟ.

ವೈದ್ಯರ ಚೀಟಿಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಸ್ಪಷ್ಟವಾಗಿರಲಿ. ಬರೀ "ವಿಶ್ರಾಂತಿ ಬೇಕು" ಎಂದಿದ್ದರೆ ಲೆಕ್ಕಕ್ಕೆ ಬರದು.

ಕಾಗದ, ಕಚೇರಿ

ನಮ್ಮವರಿಗೆ ಇನ್ನೊಂದು ತೊಡಕು ಭಾಷೆ. ಮನೆಮಾತು ಕನ್ನಡವೋ ಬಡಗವೋ ಇರಬಹುದು, ಹಾಜರಿ ಪುಸ್ತಕ, ಅಂದರೆ ಚೆಕ್ ರೋಲ್, ತಮಿಳು ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತದೆ. ಮೂರು ಪದ ಕಲಿತರೆ ಸಾಕು: ಈಟ್ಟಿಯ ವಿಡುಪ್ಪು ಅಂದರೆ ಗಳಿಕೆ ರಜೆ, ಮರುತ್ತುವ ವಿಡುಪ್ಪು ಅಂದರೆ ವೈದ್ಯಕೀಯ ರಜೆ, ತರ್ಚೆಯಲ್ ವಿಡುಪ್ಪು ಅಂದರೆ ಸಾಂದರ್ಭಿಕ ರಜೆ. ಅರ್ಜಿಯಲ್ಲಿ ಇವುಗಳಲ್ಲಿ ಯಾವುದು ಎಂದು ಬರೆಯಿಸಿ. ಬರೀ "ಲೀವು ಬೇಕು" ಎಂದು ಬರೆದರೆ, ಅದನ್ನು ಯಾವ ಖಾತೆಯಿಂದ ಕಳೆಯಬೇಕೆಂದು ರೈಟರು ತೀರ್ಮಾನಿಸುತ್ತಾರೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಸಹಿ ಸಿಗದಿದ್ದರೆ ಸ್ಪೀಡ್ ಪೋಸ್ಟ್ ಇದ್ದೇ ಇದೆ.

ಕ್ಯಾಲೆಂಡರಿನ ಅಕ್ಕನ ಕಥೆ ಹೇಳಿ ಮುಗಿಸಲಿಲ್ಲ ಅಲ್ಲವೇ? ಗೀಟುಗಳನ್ನೂ ಚೆಕ್ ರೋಲನ್ನೂ ತಿಂಗಳು ತಿಂಗಳಾಗಿ ಎದುರುಬದುರು ಇಟ್ಟು ನೋಡಿದರು. ಕುಂಕುಮದ ಚುಕ್ಕೆ ಬಿದ್ದ ಒಂಬತ್ತು ದಿನ ಗಳಿಕೆ ರಜೆಯ ಖಾನೆಗೆ ಹೋಗಿ ಕೂತಿದ್ದವು. ಆಸ್ಪತ್ರೆಯ ಚೀಟಿ ಸಕ್ಕರೆ ಡಬ್ಬಿಯಲ್ಲಿ ಭದ್ರವಾಗಿತ್ತು. ಒಂಬತ್ತೂ ವಾಪಸ್ ಬಂದವು.

ಹೀಗೆ ಮಾತಿನಲ್ಲಿ ಮುಗಿಯದಿದ್ದರೆ ಲಿಖಿತ ದೂರನ್ನು ಕೂನೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡಬೇಕು. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ, ಊಟಿ ದಾಟಿ, ಕೂನೂರು ಮುಟ್ಟಿ ಮರಳುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಗುತ್ತದೆ. ಅಂಗಡಿಯಲ್ಲಿ ಕೆಲಸ ಮಾಡುವವರಾದರೆ ಆ ದಿನಕ್ಕೂ ತರ್ಚೆಯಲ್ ವಿಡುಪ್ಪು ಬರೆದುಕೊಟ್ಟೇ ಬಸ್ ಹತ್ತಿ.